ಮಿಂಚುಳ್ಳಿಯ ವಿಚಾರಣೆ

ನನ್ನ ಅಣ್ಣ ಡೆರಿಕ್ ವಾಂಬೀಕ್‌ಗೆ ಪದಬಂಧ ಬಿಡಿಸಲು ಬರುವುದಿಲ್ಲ. ಇದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಪ್ರತಿ ಶನಿವಾರ ಪೆನ್ಸಿಲ್ ಕಚ್ಚಿಕೊಂಡು ಅವನ ಪದಬಂಧದ ಮುಂದೆ ಕೂರುತ್ತಿದ್ದ ಮೆಲ್ಬರ್ನ್‌ನ ಸಾವಿರಾರು ಜನರಿಗೆ ಮಾತ್ರ ಗೊತ್ತಿರಲಿಲ್ಲ. ಅವರಿಗೆ ಗೊತ್ತಾಗುವಂತೆ ಮಾಡಿದವಳು ನಾನು. 1976ರ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಓಕ್ಲಿಯ ಒಂದು ಹಳೆಯ ಸಭಾಂಗಣದ ಮಹಡಿಯಲ್ಲಿ, ಐವತ್ತು ಜನರ ಎದುರಿಗೆ. ಆಮೇಲೆ ಪಶ್ಚಾತ್ತಾಪ ಆಯಿತೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ.

ನಾವು ಕೊಲಂಬೊದ ಬರ್ಗರ್ ಜನ. ಮುತ್ತಜ್ಜನ ಮುತ್ತಜ್ಜ ಯಾರೋ ಡಚ್ಚರವನು, ಹಡಗಿನಲ್ಲಿ ಬಂದವನು. ಅವನ ಹೆಸರು ಮನೆಯವರಿಗೆಲ್ಲ ಬಾಯಿಪಾಠ. ಅವನ ನಂತರದ ತಲೆಮಾರುಗಳಲ್ಲಿ ಮದುವೆಯಾಗಿ ಬಂದ ಊರಿನ ಹೆಂಗಸರ ಹೆಸರು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ಆ ಹೆಂಗಸರು ಸುಮ್ಮನಿರಬೇಕಲ್ಲ, ಆಗಾಗ ಒಂದೊಂದು ಮಗುವಿನ ಮೈಬಣ್ಣದಲ್ಲಿ ಎದ್ದು ಬರುತ್ತಿದ್ದರು. ನಮ್ಮ ಮನೆಯಲ್ಲಿ ಹಾಗೆ ಎದ್ದು ಬಂದದ್ದು ನನ್ನಲ್ಲಿ. ಡೆರಿಕ್ ಹಾಲಿನ ಬಣ್ಣ. ನಾನು, ನೋಯೆಲಿನ್, ಅಪ್ಪನ ಅಮ್ಮನ ಹಾಗೆ ಎಣ್ಣೆಗಪ್ಪು.

ಪದಬಂಧ ನನಗೆ ಅಪ್ಪ ಹಚ್ಚಿದ ಹುಚ್ಚು. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ಲಂಡನ್ನಿನ ಪತ್ರಿಕೆ ಮೂರು ವಾರ ತಡವಾಗಿ ಬರುತ್ತಿತ್ತು, ನಾವಿಬ್ಬರೂ ಅದನ್ನು ವರಾಂಡದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದೆವು. ಈ ಆಟದಲ್ಲಿ ಪ್ರತಿ ಸುಳುಹಿಗೂ ಎರಡು ತುದಿ. ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ. ಇನ್ನೊಂದು ತುದಿಯಲ್ಲಿ ಅಕ್ಷರಗಳನ್ನು ಕಲಸಿ, ಕತ್ತರಿಸಿ, ತಿರುಗಿಸಿ ಅದೇ ಉತ್ತರಕ್ಕೆ ಬಂದು ಸೇರುವ ದಾರಿ ಇರುತ್ತದೆ. ಉತ್ತರ ಸಿಕ್ಕಿತು ಅಂದರೆ ಸಾಲದು, ಯಾವ ದಾರಿಯಲ್ಲಿ ಸಿಕ್ಕಿತು ಎಂದು ಹೇಳಲು ಬರಬೇಕು. ಬರಲಿಲ್ಲ ಅಂದರೆ ಪಕ್ಕದವರದ್ದನ್ನು ನೋಡಿ ಬರೆದೆ ಎಂದೇ ಅರ್ಥ. ಹದಿನೈದು ವರ್ಷಕ್ಕೆ ನಾನು ಬಿಡಿಸುವುದು ಬಿಟ್ಟು ಕಟ್ಟುವುದಕ್ಕೆ ಶುರುಮಾಡಿದೆ. ಡೆರಿಕ್ ಆಗ ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಹಚ್ಚಿಕೊಂಡು, "ಕಪ್ಪು ಚೌಕ ಬಿಳಿ ಚೌಕ, ನೀನು ಯಾವುದರಲ್ಲಿ ಕೂರ್ತೀಯೇ?" ಎಂದು ಕಾಡುತ್ತಿದ್ದ.

ಸಿಂಹಳವೇ ಆಡಳಿತ ಭಾಷೆ ಎಂದಾದ ಮೇಲೆ ನಮ್ಮವರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾದ ಹಡಗು ಹತ್ತತೊಡಗಿದರು. ಆಗ ಆಸ್ಟ್ರೇಲಿಯಾದವರ ಲೆಕ್ಕ ನೇರವಾಗಿತ್ತು: ಮುಕ್ಕಾಲು ಪಾಲು ಯೂರೋಪಿನ ರಕ್ತ ಇರಬೇಕು, ಇದೆ ಎಂದು ಮುಖ ನೋಡಿದರೆ ಗೊತ್ತಾಗಬೇಕು. 1963ರ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಡೆರಿಕ್, ಅವನ ಹೆಂಡತಿ ಮಾರ್ಲೀನ್, ಅಮ್ಮ, ಮೂವರೂ ಆಸ್ಟ್ರೇಲಿಯಾದವರ ಕಚೇರಿಗೆ ಸಂದರ್ಶನಕ್ಕೆ ಹೋದರು. ನನ್ನನ್ನು ಆಮೇಲೆ ಬೇರೆಯಾಗಿ ಕರೆಯುತ್ತಾರೆ ಎಂದು ಹೇಳಿ, ನಾಲ್ವರೂ ಇದ್ದ ಒಂದು ಫೋಟೋ ತೆಗೆದುಕೊಂಡು ಹೋದರು. ಬಂದ ಮೇಲೆ ಡೆರಿಕ್ ಟೈ ಸಡಿಲಿಸುತ್ತ ಹೇಳಿದ:

"ನಿನ್ನ ಕಾಗದ ಸ್ವಲ್ಪ ತಡ ಆಗತ್ತಂತೆ ನೋಯೆಲಿನ್. ನಾವು ಮೊದಲು ಹೋಗ್ತೀವಿ. ಅಲ್ಲಿ ಹೋಗಿ ನಾನೇ ಫಾರಂ ಹಾಕಿ ಕರೆಸ್ಕೊಳ್ತೀನಿ."

ಅಮ್ಮ, "ಅಲ್ಲೀವರೆಗೂ ನಾನು ಇವಳ ಜೊತೆ ಇರ್ತೀನಿ," ಅಂದಳು. ಅವಳಿಗೆ ಒಪ್ಪಿಗೆ ಸಿಕ್ಕಿತ್ತು, ಆದರೂ ಹೋಗಲಿಲ್ಲ. ಮಗಳ ಮೇಲೆ ಇಷ್ಟು ಪ್ರೀತಿಯೇ ಎಂದು ನಾನು ಅವತ್ತು ಕೋಣೆಗೆ ಹೋಗಿ ಅತ್ತೆ.

ಹಡಗಿನಲ್ಲಿ ಹೊತ್ತು ಹೋಗಲಿ ಎಂದು ಡೆರಿಕ್ ನನ್ನ ಪದಬಂಧದ ಎರಡು ನೋಟ್‌ಬುಕ್ ಒಯ್ದಿದ್ದ. ಆರು ತಿಂಗಳಿಗೆ ಮೆಲ್ಬರ್ನ್‌ನಿಂದ ಕಾಗದ ಬಂತು. ಅಲ್ಲಿನ ಒಂದು ಪತ್ರಿಕೆಗೆ ಅವುಗಳಲ್ಲಿ ಒಂದನ್ನು ಕಳಿಸಿದ್ದನಂತೆ, ಅವರು ಅಚ್ಚು ಹಾಕಿದರಂತೆ, ಪ್ರತಿ ಶನಿವಾರ ಬೇಕು ಎನ್ನುತ್ತಿದ್ದಾರಂತೆ. ಪದಬಂಧ ಕಟ್ಟುವವರು ಅಸಲು ಹೆಸರು ಹಾಕುವ ಪದ್ಧತಿ ಇಲ್ಲ, ಆದ್ದರಿಂದ 'ಮಿಂಚುಳ್ಳಿ' ಎಂದು ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದ. ಕೊನೆಗೆ ಒಂದು ಸಾಲು: ನಿನ್ನ ಫಾರಂ ಮೇಜಿನ ಮೇಲೇ ಇದೆ, ಇನ್ನು ನಾಲ್ಕು ಪದಬಂಧ ಬೇಗ ಕಳಿಸು.

ಕಳಿಸಿದೆ. ತಿಂಗಳಿಗೆ ನಾಲ್ಕರಂತೆ ಹನ್ನೆರಡು ವರ್ಷ ಕಳಿಸಿದೆ. ಪ್ರತಿಯೊಂದರ ಮೇಲೆ ಯಾವ ಶನಿವಾರದ್ದು ಎಂದು ತಾರೀಖು, ಜೊತೆಗೆ ಒಂದು ಬಿಡಿಸುವ ಹಾಳೆ, ಯಾವ ಸುಳುಹು ಯಾವ ದಾರಿಯಲ್ಲಿ ಉತ್ತರಕ್ಕೆ ಬರುತ್ತದೆ ಎಂದು. ಯಾರಾದರೂ ಕೇಳಿದರೆ ಹೇಳಬೇಕಲ್ಲ ಎಂದು ಅದನ್ನು ಅವನೇ ಕೇಳಿ ಬರೆಸಿಕೊಳ್ಳುತ್ತಿದ್ದ. ಫಾರಂ ಮಾತ್ರ ಮೇಜಿನ ಮೇಲಿಂದ ಕದಲಲಿಲ್ಲ. ಒಂದು ವರ್ಷ ಅಧಿಕಾರಿ ಬದಲಾದ, ಒಂದು ವರ್ಷ ನಿಯಮ ಬದಲಾಯಿತು. 1968ರಲ್ಲಿ ಅಮ್ಮ ತೀರಿಕೊಂಡಳು. ಆಗ ಬಂದ ಕಾಗದದಲ್ಲಿ ಎರಡು ಸಾಲು ಸಂತಾಪ, ಮೂರನೆಯ ಸಾಲಿನಲ್ಲಿ ಕ್ರಿಸ್‌ಮಸ್ ಪದಬಂಧದ ನೆನಪೋಲೆ.

ಆಸ್ಟ್ರೇಲಿಯಾ ಮುಖ ನೋಡಿ ಒಳಗೆ ಬಿಡುವ ನಿಯಮ ತೆಗೆದುಹಾಕಿತು ಎಂದು 1974ರಲ್ಲಿ ಕೇಳಿ, ಅಣ್ಣನನ್ನು ಕಾಯುವುದು ಸಾಕು ಎಂದು ನಾನೇ ಆ ಕಚೇರಿಗೆ ಹೋದೆ. ನನಗೆ ಶೀಘ್ರಲಿಪಿ ಬರುತ್ತಿತ್ತು, ಅವರಿಗೆ ಅಂಥವರು ಬೇಕಾಗಿದ್ದರು. ಕಿಟಕಿಯ ಆಚೆ ಕೂತಿದ್ದ ಯುವಕ ಹಳೆಯ ಕಡತ ತೆಗೆಸಿದ, ಓದಿದ, ಕನ್ನಡಕ ತೆಗೆದು ನನ್ನ ಮುಖ ನೋಡಿದ.

"ಮೇಡಂ, ಡೆರಿಕ್ ವಾಂಬೀಕ್ ನಿಮ್ಮ ಅಣ್ಣ ಅಂತ ಬರ್ದಿದೀರಿ."

"ಹೌದು."

"ಇಲ್ಲಿ ಅವರು ಬೇರೆ ಏನೋ ಹೇಳ್ತಿದಾರೆ." ಓದಿ ಹೇಳಲು ಅವನಿಗೆ ನಾಚಿಕೆಯಾಯಿತೇನೋ, ಕಾಗದವನ್ನೇ ನನ್ನ ಕಡೆ ತಿರುಗಿಸಿದ. ಫೋಟೋದಲ್ಲಿ ಬಲಗಡೆ ನಿಂತಿರುವ ಹುಡುಗಿ ನಮ್ಮ ಆಯಾಳ ಮಗಳು. ಮನೆಯಲ್ಲೇ ಬೆಳೆದವಳು. ನಮಗೂ ಅವಳಿಗೂ ರಕ್ತಸಂಬಂಧವಿಲ್ಲ.

ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೂ ಮೂರು ಸಲ ಓದಿದೆ. ಯುವಕ ನೀರು ತರಿಸಲೇ ಎಂದ. "ಬೇಡ. ಅಣ್ಣ ಅಂತ ಬರ್ದಿರೋ ಸಾಲು ಹೊಡೆದುಹಾಕಿ. ಟೈಪಿಂಗ್ ಪರೀಕ್ಷೆ ಎಲ್ಲಿ ಅಂತ ಹೇಳಿ," ಅಂದೆ.

ಮನೆಗೆ ಬಂದು ಆ ತಿಂಗಳ ನಾಲ್ಕು ಪದಬಂಧ ಕಟ್ಟಿ ಮುಗಿಸಿ ಅಂಚೆಗೆ ಹಾಕಿದೆ. ಕೋಪದಲ್ಲಿ ನಿಲ್ಲಿಸಿಬಿಟ್ಟರೆ ಅವನು ಆರೋಗ್ಯ ಸರಿಯಿಲ್ಲವೆಂದು ಹೇಳಿ ನಿವೃತ್ತನಾಗಿ ಹೂಮಾಲೆ ಹಾಕಿಸಿಕೊಳ್ಳುತ್ತಿದ್ದ. ನನಗೆ ಬೇಕಾದದ್ದು ಒಂದೇ. ಅವನು ನಾಲ್ಕು ಜನರೆದುರು ನಿಂತು, ಬಾಯಿಬಿಟ್ಟು, ಇವಳು ನನ್ನ ತಂಗಿ ಅನ್ನಬೇಕು. ಎಲ್ಲರೂ ತಲೆಯೆತ್ತಿ ನೋಡುವ ಜಾಗದಲ್ಲಿ ಅನ್ನಬೇಕು. ಆಮೇಲಿನದನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡೆ.

1976ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ಗೆ ಬಂದಿಳಿದೆ. ಡೆರಿಕ್‌ಗೆ ಹೇಳಲಿಲ್ಲ. ನೋಬಲ್ ಪಾರ್ಕಿನಲ್ಲಿ ಒಂದು ಕೋಣೆ, ವಿಮಾ ಕಚೇರಿಯಲ್ಲಿ ಕೆಲಸ. ಪದಬಂಧದ ಲಕೋಟೆಗಳನ್ನು ಕೊಲಂಬೊದಲ್ಲಿದ್ದ ಗೆಳತಿ ಬ್ಲಾಸಮ್ ಕೆಲಾರ್ಟ್‌ಗೆ ಕಳಿಸುತ್ತಿದ್ದೆ, ಅವಳು ಅಲ್ಲಿನ ಅಂಚೆಚೀಟಿ ಹಚ್ಚಿ ಮತ್ತೆ ಮೆಲ್ಬರ್ನ್‌ಗೆ ಹಾಕುತ್ತಿದ್ದಳು. ನನ್ನ ಮನೆಯಿಂದ ಅವನ ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನನ್ನ ಕಾಗದಗಳು ಸಮುದ್ರ ಎರಡು ಸಲ ದಾಟಿ ಹೋಗುತ್ತಿದ್ದವು.

ಓಕ್ಲಿಯಲ್ಲಿ ಪದಬಂಧದವರ ಒಂದು ಬಳಗವಿತ್ತು. ತಿಂಗಳಿಗೊಮ್ಮೆ ಸೇರುತ್ತಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಿಸೆಸ್ ಹ್ಯಾಲೊರನ್ ಎಂಬ ಹೆಂಗಸು ಅದರ ಯಜಮಾನಿ. ನಾನು ಸೇರಿದ ಮೊದಲ ದಿನವೇ ಮಿಂಚುಳ್ಳಿಯ ಪದಬಂಧವನ್ನು ಒಂಬತ್ತು ನಿಮಿಷಕ್ಕೆ ಮುಗಿಸಿ ಅವರ ಮುಂದಿಟ್ಟೆ. ಹಿಂದಿನ ತಿಂಗಳು ನಾನೇ ಕಟ್ಟಿದ್ದು ಅದು, ಒಂಬತ್ತು ನಿಮಿಷ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಅವರು ಪ್ರತಿ ಉತ್ತರಕ್ಕೂ ದಾರಿ ಕೇಳಿದರು, ಹೇಳಿದೆ.

"ಹೆಸರೇನಮ್ಮ?"

"ನೋಯೆಲಿನ್. ಸಿಲೋನಿನವಳು."

"ನಮ್ಮ ಮಿಂಚುಳ್ಳೀನೂ ಆ ಕಡೆಯವರೇ. ಆದರೆ ಡಚ್ ಮನೆತನ," ಎಂದರು. ಆಮೇಲೆ ಹೇಳಿದ್ದು ಇನ್ನೂ ಚೆನ್ನಾಗಿತ್ತು: "ಮೊದಮೊದಲು ಅವರ ಹೆಸರು ಕೇಳಿ ಎಲ್ಲಿಯ ಆಸಾಮಿಯೋ ಅಂತ ಜನ ಮೂಗು ಮುರಿದ್ರು. ಮಿಂಚುಳ್ಳಿ ಇವರೇ ಅಂತ ತಿಳಿದ ಮೇಲೆ ಎಲ್ಲ ಮನೆ ಬಾಗಿಲೂ ತೆಗೀತು ನೋಡು. ಅವರ ಆಫೀಸಿನ ಸಾಹೇಬರಂತೂ ಶನಿವಾರ ಅವರಿಗೇ ಫೋನ್ ಮಾಡ್ತಾರಂತೆ."

ನನ್ನ ತಲೆಯಿಂದ ಬಂದದ್ದನ್ನು ಕೈಲಿ ಹಿಡಿದು ಅವನು ಒಂದೊಂದು ಬಾಗಿಲನ್ನೂ ದಾಟಿದ್ದ. ನನ್ನನ್ನು ಮಾತ್ರ ಹೊಸ್ತಿಲ ಆಚೆಯೇ ನಿಲ್ಲಿಸಿದ್ದ.

ಆ ಬಳಗಕ್ಕೆ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಮಿಂಚುಳ್ಳಿಯನ್ನು ಊಟಕ್ಕೆ ಕರೆಯುತ್ತಾರೆ. ಊಟವಾದ ಮೇಲೆ ಹಿಂದಿನ ದಿನದ ಶನಿವಾರದ ಪದಬಂಧ ಇಟ್ಟುಕೊಂಡು, ಯಾವ ಸುಳುಹಿನ ಬಗ್ಗೆಯಾದರೂ ಯಾರಾದರೂ ಎದ್ದುನಿಂತು ಕೇಳಬಹುದು, ಇದು ಹೇಗೆ ಬಂತು ಅಂತ. ಕಟ್ಟಿದವನು ಬೋರ್ಡಿನ ಮುಂದೆ ನಿಂತು ಹೇಳಬೇಕು. ಅದನ್ನು ಅವರು ವಿಚಾರಣೆ ಎಂದೇ ಕರೆಯುತ್ತಿದ್ದರು. ಡೆರಿಕ್ ಪ್ರತಿ ವರ್ಷ ನನ್ನ ಹಾಳೆ ಉರುಹೊಡೆದು ಬಂದು ಗೆದ್ದು ಹೋಗುತ್ತಿದ್ದ. ಮಧ್ಯೆ ಮಧ್ಯೆ ತನ್ನ ಡಚ್ ಅಜ್ಜಿಯ ಕಥೆಯನ್ನೂ ಸೇರಿಸುತ್ತಿದ್ದನಂತೆ.

ಇದನ್ನು ಕೇಳಿದ ದಿನ ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಹೋದೆ.

ಆ ವರ್ಷದ ಊಟದ ಪದಬಂಧವನ್ನು ಚೊಕ್ಕವಾಗಿ ಕಟ್ಟಿದೆ, ನನ್ನ ಕೈಯಿಂದ ಅಷ್ಟು ಒಳ್ಳೆಯದು ಅದುವರೆಗೂ ಬಂದಿರಲಿಲ್ಲ. ಸುಳುಹುಗಳಲ್ಲಿ ಒಂದು ತಪ್ಪಿಲ್ಲ. ಸುಳ್ಳು ಬರೆದದ್ದು ಬಿಡಿಸುವ ಹಾಳೆಯಲ್ಲಿ. ಎಲ್ಲಿ ಅಕ್ಷರ ಕಲಸಿದರೆ ಉತ್ತರ ಬರುತ್ತಿತ್ತೋ ಅಲ್ಲಿ ಡಚ್ ಭಾಷೆಯ ಹಳೆಯ ಪದ ಎಂದು ಬರೆದೆ. ಪದವನ್ನೂ ನಾನೇ ಹುಟ್ಟಿಸಿದೆ. ಮೊದಲನೆಯದು 'ಕ್ಲೂಮರ್ಟ್'. ಒದ್ದೆ ಹಣ್ಣು ಎಂದು ಅರ್ಥ, ನಮ್ಮ ಅಜ್ಜಿ ಬಳಸುತ್ತಿದ್ದರು, ನಿನಗೆ ನೆನಪಿರಬೇಕು ಎಂದು ಪಕ್ಕದಲ್ಲಿ ಬರೆದೆ. ನಮ್ಮ ಮನೆಯಲ್ಲಿ ಡಚ್ ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ನಿಜವಾಗಿ ಪದಬಂಧ ಬಿಡಿಸುವವನು ಒಂದು ಕ್ಷಣದಲ್ಲಿ ಇದು ಹುಸಿ ಎಂದು ಹಿಡಿಯುತ್ತಾನೆ. ಡೆರಿಕ್ ಹಿಡಿಯುವುದಿಲ್ಲ ಎಂದು ಗೊತ್ತಿತ್ತು. ಅವನಿಗೆ ಡಚ್ ಬರುವುದಿಲ್ಲ ಎಂದು ಒಪ್ಪಿಕೊಂಡರೆ ಅವನ ಮುಕ್ಕಾಲು ಪಾಲು ರಕ್ತ ಕಡಿಮೆಯಾಗಿಬಿಡುತ್ತದಲ್ಲ.

ಬಳಗದಲ್ಲಿ ವಿಲ್ಲೆಮ್ ಡೆ ಗ್ರೋಟ್ ಎಂಬ ಬಡಗಿ ಇದ್ದ. ಯುದ್ಧ ಮುಗಿದ ಮೇಲೆ ಹಾಲೆಂಡಿನಿಂದ ಬಂದವನು. ಅವತ್ತು ತಪ್ಪಿಸಬೇಡಿ ಎಂದು ಅವನಿಗೆ ನಾನೇ ಎರಡು ಸಲ ಹೇಳಿದ್ದೆ.

ಊಟದ ದಿನ ಚಹಾದ ಸರದಿ ನನ್ನದು ಎಂದು ಕೇಳಿ ಹಾಕಿಸಿಕೊಂಡೆ. ಡೆರಿಕ್ ಬಂದ. ಹದಿಮೂರು ವರ್ಷದ ಮೇಲೆ ನೋಡಿದ್ದು. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು, ನಗು ಮಾತ್ರ ಅದೇ. ತಟ್ಟೆ ಹಿಡಿದು ಅವನ ಪಕ್ಕಕ್ಕೇ ಹೋಗಿ ನಿಂತೆ. ಈಗ ತಲೆಯೆತ್ತಿ ನೋಡಿ, ನೋಯೆಲಿನ್ ಅಂದರೆ ಸಾಕು, ಎಲ್ಲ ಬಿಟ್ಟುಬಿಡುತ್ತೇನೆ ಅನ್ನಿಸಿತು.

"ಹಾಲು ಹಾಕಿ. ಸಕ್ಕರೆ ಬೇಡ," ಎಂದ, ಪಕ್ಕದವರ ಜೊತೆ ಮಾತಾಡುತ್ತಲೇ. ತಟ್ಟೆ ಹಿಡಿದ ಕಪ್ಪು ಕೈಯಷ್ಟೇ ಅವನಿಗೆ ಕಂಡದ್ದು. ಹಾಲು ಹಾಕಿ ಕೊಟ್ಟು ಅಡುಗೆಮನೆಗೆ ಬಂದೆ, ಅಲ್ಲಿಂದ ಸಭಾಂಗಣಕ್ಕೆ ಒಂದು ಕಿಟಕಿ ಇತ್ತು.

ವಿಚಾರಣೆ ಶುರುವಾಯಿತು. ಮೊದಲು ಎದ್ದವರು ಮಿಸೆಸ್ ಹ್ಯಾಲೊರನ್.

"ಎಡದಿಂದ ಬಲಕ್ಕೆ, ಹದಿನಾಲ್ಕು. ಉತ್ತರ ಏಪ್ರಿಕಾಟ್ ಹಣ್ಣು. ಹೇಗೆ ಬಂತು ಸ್ವಲ್ಪ ಹೇಳಿ."

ಡೆರಿಕ್ ಸೀಮೆಸುಣ್ಣ ಕೈಯಲ್ಲಿ ಹೊರಳಿಸಿದ. "ಇದು ನಮ್ಮ ಅಜ್ಜಿಯ ಕಾಣಿಕೆ. ಡಚ್ ಭಾಷೆಯಲ್ಲಿ ಕ್ಲೂಮರ್ಟ್ ಅಂತ ಒಂದು ಪದ ಇದೆ. ಒದ್ದೆ ಹಣ್ಣು ಅಂತ. ಅಜ್ಜಿ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಏಪ್ರಿಕಾಟ್ ತಿನ್ನಿಸೋವಾಗ ಈ ಪದಾನೇ ಹೇಳೋರು."

ಕೊಲಂಬೊದಲ್ಲಿ ಏಪ್ರಿಕಾಟನ್ನು ನಾವು ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ ನೋಡಿದ್ದು.

ವಿಲ್ಲೆಮ್ ಕಿವಿ ಕೆರೆದುಕೊಂಡ. "ಇನ್ನೊಂದು ಸಲ ಹೇಳಿ?"

"ಕ್ಲೂಮರ್ಟ್."

"ನಾನು ಹುಟ್ಟಿದ್ದು ಉಟ್ರೆಕ್ಟ್‌ನಲ್ಲಿ. ಇಪ್ಪತ್ತೆಂಟು ವರ್ಷ ಅಲ್ಲೇ ಇದ್ದೆ. ಇಂಥ ಪದ ಕೇಳಿಲ್ಲಪ್ಪ ನಾನು."

"ಹಳೇ ಡಚ್ ಅದು. ಸಿಲೋನ್ ಕಡೆ ಉಳ್ಕೊಂಡಿದೆ, ನಿಮ್ಮ ಕಡೆ ಹೋಗ್ಬಿಟ್ಟಿದೆ."

"ಇರ್ಲಿ," ಎಂದರು ಮಿಸೆಸ್ ಹ್ಯಾಲೊರನ್. "ಆದರೆ ಅಷ್ಟು ದೂರ ಯಾಕೆ ಹೋಗ್ಬೇಕು? ಸುಳುಹಿನ ಕೊನೇ ಎರಡು ಪದದ ಅಕ್ಷರ ಕಲಸಿದ್ರೆ ಏಪ್ರಿಕಾಟ್ ಬರತ್ತಲ್ಲ. ನಾವೆಲ್ಲ ಹಾಗೇ ಮಾಡಿದ್ದು."

"ಅದೂ ಒಂದು ದಾರಿ," ಎಂದ ಡೆರಿಕ್. ಕೆಲವರು ನಕ್ಕರು, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು.

ಎರಡನೆಯ ಸುಳುಹಿಗೆ ಇನ್ನೊಂದು ಡಚ್ ಪದ ಬಂತು, ಇನ್ನೊಂದು ಅಜ್ಜಿಯ ಕಥೆ ಬಂತು. ವಿಲ್ಲೆಮ್ ತಲೆಯಾಡಿಸಿದ. ನಗು ನಿಂತಿತು. ಮೂರನೆಯದಕ್ಕೆ ಡೆರಿಕ್ ಜೇಬಿನಿಂದ ನನ್ನ ಹಾಳೆ ತೆಗೆದು ಕದ್ದು ನೋಡಿದ. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಓಡಾಡಿದ ಹೆಂಗಸಿನ ಕಣ್ಣಿಗೆ ಅದು ಬೀಳದಿರುತ್ತದೆಯೇ?

"ಆ ಚೀಟಿ ಈ ಕಡೆ ಕೊಡಿ," ಎಂದು ಕೈ ಚಾಚಿದರು. "ಈಗ ಇಪ್ಪತ್ತೊಂದು, ಮೇಲಿನಿಂದ ಕೆಳಕ್ಕೆ. ನೀವೇ ಕಟ್ಟಿದ್ದಲ್ವಾ, ಚೀಟಿ ಇಲ್ದೆ ಹೇಳಿ."

ಇಪ್ಪತ್ತೊಂದು ಇಡೀ ಪದಬಂಧದಲ್ಲಿ ಅತಿ ಸುಲಭದ್ದು. ಹೊಸಬರೂ ಬಿಡಿಸುವಂಥದ್ದು, ಬೇಕೆಂದೇ ಇಟ್ಟಿದ್ದೆ. ಡೆರಿಕ್ ಬೋರ್ಡಿನ ಕಡೆ ತಿರುಗಿದ. ಸುಳುಹನ್ನು ಒಂದು ಸಲ ಬರೆದ, ಕೆಳಗೆ ಗೆರೆ ಎಳೆದ, ನಿಂತ. ಅವನ ಕುತ್ತಿಗೆಯ ಹಿಂದೆ ಕೆಂಪೇರುತ್ತಿರುವುದು ಕಿಟಕಿಯಿಂದ ನನಗೆ ಕಾಣುತ್ತಿತ್ತು. ನಾನು ಆ ಕುತ್ತಿಗೆಯನ್ನು ಕಣ್ತುಂಬ ನೋಡಿದೆ.

ಆಮೇಲೆ ಕೈ ಒರೆಸಿಕೊಂಡು ಹೊರಗೆ ಬಂದೆ. "ನಾನು ಹೇಳ್ಲಾ?" ಅಂದೆ.

ಇಪ್ಪತ್ತೊಂದು ಹೇಳಿದೆ. ಹದಿನಾಲ್ಕು ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ, ಪತ್ರಿಕೆ ನೋಡದೆ, ಬೋರ್ಡಿನ ಮೇಲೆ ಬಿಡಿಸಿ ಬರೆದೆ. ನಂತರ ಚೀಲದಿಂದ ಆ ಪದಬಂಧದ ನನ್ನ ಕರಡು ತೆಗೆದು ಮಿಸೆಸ್ ಹ್ಯಾಲೊರನ್ ಮುಂದಿಟ್ಟೆ, ಜೊತೆಗೆ 'ನಾಲ್ಕು ಬೇಗ ಕಳಿಸು' ಎಂದು ಡೆರಿಕ್ ಬರೆದಿದ್ದ ಹನ್ನೆರಡು ವರ್ಷದ ಕಾಗದಗಳ ಕಟ್ಟು. ಅವರು ಮೂರು ಕಾಗದ ಓದಿದರು.

ಡೆರಿಕ್ ನನ್ನನ್ನು ನೋಡಿದ. ಮೊದಲು ಹೆದರಿದ, ಆಮೇಲೆ ಲೆಕ್ಕ ಹಾಕಿದ. ಲೆಕ್ಕ ಹಾಕುವಾಗ ಅವನ ಎಡಹುಬ್ಬು ಮೇಲೇಳುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಎರಡೂ ಕೈ ಚಾಚಿ ನನ್ನ ಕಡೆ ಬಂದ.

"ಗೆಳೆಯರೇ, ಇನ್ನು ಮುಚ್ಚಿಡೋದು ಬೇಡ. ಇವಳು ನನ್ನ ತಂಗಿ. ನೋಯೆಲಿನ್. ನನ್ನ ಒಡಹುಟ್ಟಿದವಳು. ಮಿಂಚುಳ್ಳಿ ಅಂದ್ರೆ ನಾವಿಬ್ಬರೂ. ಅಣ್ಣ ತಂಗಿ ಸೇರಿ ಕಟ್ಟಿದ್ದು ಇದೆಲ್ಲ." ಅವನ ಕಣ್ಣಲ್ಲಿ ನೀರು ಕೂಡ ಬಂತು.

ಸಭೆಯ ಬಿಗಿ ಸಡಿಲವಾಯಿತು. ಯಾರೋ ಒಬ್ಬರು ಚಪ್ಪಾಳೆಗೆ ಕೈ ಎತ್ತಿದರು. ಅಣ್ಣ ತಂಗಿಯ ಗುಟ್ಟು, ಎಷ್ಟು ಮುದ್ದಾದ ಕಥೆ. ಐವತ್ತು ಜನ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನಾನು ಕೇಳಬೇಕೆಂದು ಕಾದಿದ್ದ ಮಾತು ಇದೇ, ಅದೇ ಅಕ್ಷರ, ಅದೇ ಬಾಯಿ. ಸಿಕ್ಕಿಬಿದ್ದ ಮೇಲೆ ಬಂತು.

"ಹೌದೇನಮ್ಮ?" ಎಂದು ಕೇಳಿದರು ಮಿಸೆಸ್ ಹ್ಯಾಲೊರನ್. "ಇವರು ನಿನ್ನ ಅಣ್ಣಾನಾ?"

"ಅಲ್ಲ," ಅಂದೆ. "ನಾನು ಇವರ ಮನೆ ಆಯಾ ಮಗಳು. ರಕ್ತಸಂಬಂಧ ಏನೂ ಇಲ್ಲ. ಇವರೇ ಬರೆದು ಸಹಿ ಮಾಡಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಕೊಟ್ಟಿದಾರೆ. ಸುಳ್ಳು ಬರೆದು ಈ ದೇಶಕ್ಕೆ ಬರೋ ಜನ ಅಲ್ಲ ಇವರು. ಬೇಕಿದ್ರೆ ಕೇಳಿ."

ಎಲ್ಲರೂ ಅವನ ಕಡೆ ತಿರುಗಿದರು. ನಾನು ಸುಳ್ಳು ಹೇಳುತ್ತಿದ್ದೇನೆ ಅಂದರೆ ಅವನು ಸರ್ಕಾರಕ್ಕೆ ಸುಳ್ಳು ಹೇಳಿ ಬಂದವನಾಗುತ್ತಿದ್ದ. ನಿಜ ಹೇಳುತ್ತಿದ್ದೇನೆ ಅಂದರೆ ಮನೆಯ ಆಳಿನ ಮಗಳ ಪದಬಂಧ ಕದ್ದು ಹೆಸರು ಮಾಡಿದವನಾಗುತ್ತಿದ್ದ. ಕುರ್ಚಿ ಹುಡುಕಿ ಕೂತ. ವಿಲ್ಲೆಮ್ ಎದ್ದು ಅವನ ಪಕ್ಕದಿಂದ ತನ್ನ ಕುರ್ಚಿಯನ್ನು ಎಳೆದುಕೊಂಡು ಬೇರೆ ಕಡೆ ಹೋದ. ಮುಂದಿನ ಶನಿವಾರ ಪತ್ರಿಕೆಯಲ್ಲಿ ಮಿಂಚುಳ್ಳಿ ಇರಲಿಲ್ಲ. ಆ ಜಾಗಕ್ಕೆ ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಅದು ಆಮೇಲಿನ ಮಾತು.

ಅವತ್ತು ಎಲ್ಲರೂ ಹೋದ ಮೇಲೆ ಮೆಟ್ಟಿಲಿನಲ್ಲಿ ಡೆರಿಕ್ ನನಗಾಗಿ ಕಾದಿದ್ದ. ನನ್ನ ತೋಳು ಹಿಡಿದ.

"ಸರ್ಕಾರಕ್ಕೆ ಕೊಟ್ಟ ಆ ಕಾಗದದ ಮಾತೆತ್ತಿದ್ಯಲ್ಲ. ಅದರ ಕೆಳಗೆ ಎರಡು ಸಹಿ ಇದೆ, ನೋಡ್ದೇನೆ? ಎರಡನೇದು ಅಮ್ಮಂದು. ಹಾಗೆ ಬರಿ ಅಂತ ಹೇಳಿದ್ದೇ ಅಮ್ಮ. ನೀನು ಒಳಗೆ ಬಂದ್ರೆ ಯಾರನ್ನೂ ಬಿಡಲ್ಲ ಅಂತ ಅವಳಿಗೇ ಮೊದಲು ಗೊತ್ತಾಗಿದ್ದು." ನಾನು ಕುಸಿದು ಬೀಳುತ್ತೇನೆ ಎಂದು ಅವನು ಕಾಯುತ್ತಿದ್ದ.

"ನೋಡಿದೀನಿ," ಅಂದೆ.

ಮೂರು ಸಲ ಓದಿದ್ದೆನಲ್ಲ. ಆ ಸಹಿ ಅಪ್ಪನ ಪೆನ್ನಿನಲ್ಲಿ, ಅಮ್ಮನ ದುಂಡು ಅಕ್ಷರದಲ್ಲಿ ಇತ್ತು. ಐದು ವರ್ಷ ನನ್ನ ತಲೆ ಬಾಚಿ, ನನಗೆ ಇಷ್ಟವಾದದ್ದನ್ನೇ ಅಡುಗೆ ಮಾಡಿ, ಫಾರಂ ಏನಾಯಿತು ಎಂದು ಒಂದು ದಿನವೂ ಕೇಳದೆ ಅವಳು ನನ್ನ ಜೊತೆ ಯಾಕೆ ಉಳಿದಳು ಎಂದು ನನಗೆ ಕೊಲಂಬೊದ ಆ ಕಚೇರಿಯ ಕಿಟಕಿಯ ಮುಂದೆ ನಿಂತಾಗಲೇ ಅರ್ಥವಾಗಿತ್ತು.

"ಗೊತ್ತಿದ್ದೂ ನನ್ನೊಬ್ಬನನ್ನ ಯಾಕೆ ಹೀಗೆ ಬೀದಿಗೆ ತಂದೆ?"

"ಅಮ್ಮ ಸತ್ತೋದ್ಲು, ಅಣ್ಣ. ಸಿಕ್ಕಿದ್ದು ನೀನೊಬ್ನೇ."

ತೋಳು ಬಿಡಿಸಿಕೊಂಡು ಕೆಳಗಿಳಿದೆ. ಅವನನ್ನು ಅಣ್ಣ ಎಂದು ಕರೆದದ್ದು ಅದೇ ಕೊನೆ.